ಹಿಡಿದು ಬಿಡದ ಬ್ರೇಕು

ಫೋನಿನಲ್ಲಿ ಮೇಡಂ ಹೇಳಿದ್ದು ಇಷ್ಟೇ: ಗಾಡಿ ಮುಂದಕ್ಕೆ ಹೋಗಲು ಮನಸ್ಸೇ ಮಾಡುತ್ತಿಲ್ಲ, ಸುಟ್ಟ ವಾಸನೆ ಬರುತ್ತಿದೆ, ರಾಮಕೃಷ್ಣ ಆಶ್ರಮದ ಸರ್ಕಲ್ಲಿನ ಹತ್ತಿರ ಪಕ್ಕಕ್ಕೆ ಹಾಕಿಕೊಂಡು ನಿಂತಿದ್ದೇನೆ. ಹಿಂದಿನ ವಾರವಷ್ಟೇ ಅದೇ ಗಾಡಿಗೆ ಮುಂದಿನ ಬ್ರೇಕ್ ಪ್ಯಾಡ್ ಬದಲಿಸಿ, ಕಪ್ಪಾಗಿದ್ದ ಬ್ರೇಕ್ ಆಯಿಲನ್ನು ಹೊರಹಾಕಿ ಹೊಸದು ತುಂಬಿ ಕೊಟ್ಟವನು ನಾನೇ. ರಿಪೇರಿಗೆ ಮುಂಚೆ ಇಲ್ಲದ ಕಾಯಿಲೆ ರಿಪೇರಿ ಆದಮೇಲೆ ಬಂದರೆ ಮೊದಲು ಡಾಕ್ಟರನ್ನೇ ಅನುಮಾನಿಸಬೇಕು. ಕೈಯಲ್ಲಿದ್ದ ಕೆಲಸ ಬಿಟ್ಟು ಬೈಕ್ ಹತ್ತಿದೆ.

ಮೇಡಂ ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡುವವರು, ನಮ್ಮ ಹಳೆಯ ಗಿರಾಕಿ. ಅವರ ಕಾರಿಗೂ ವಯಸ್ಸಾಗಿದೆ, ಆದರೆ ಜೋಪಾನ ಮಾಡಿಕೊಂಡು ಬಂದಿದ್ದಾರೆ. ಡ್ಯಾಶ್‌ಬೋರ್ಡಿನ ಮೇಲೆ ಕಣ್ಣುಮುಚ್ಚಿ ಕುಳಿತ ಪುಟ್ಟ ಬುದ್ಧ. ನಾನು ಹೋದಾಗ ಅವರ ಮುಖದಲ್ಲಿ ಆ ಶಾಂತಿ ಇರಲಿಲ್ಲ. ಮುಂದಿನ ಎರಡು ಚಕ್ರಗಳ ಹತ್ತಿರ ಕೈ ಹಿಡಿದರೆ ಒಲೆಯ ಮುಂದೆ ಹಿಡಿದ ಹಾಗಿತ್ತು, ಹಿಂದಿನವೂ ಬೆಚ್ಚಗಿದ್ದವು. ಪೆಡಲ್ ಒತ್ತಿ ನೋಡಿದೆ. ಕಲ್ಲಿನ ಹಾಗೆ ಗಟ್ಟಿ, ಸ್ವಲ್ಪವೂ ಕೆಳಗಿಳಿಯಲಿಲ್ಲ. ಆರುವವರೆಗೂ ಕಾದೆವು. ಆರಿದ ಮೇಲೆ ಏನೂ ಆಗಿಲ್ಲವೆಂಬಂತೆ ಗಾಡಿ ಹೊರಟಿತು. ನಿಧಾನವಾಗಿ ಚಾಮರಾಜಪೇಟೆಯ ನಮ್ಮ ಷೆಡ್ಡಿಗೆ ತಂದು ನಿಲ್ಲಿಸಿದೆ.

ನಮ್ಮ ಷೆಡ್ಡು ಅಂದೆ. ಅದನ್ನು ಕಟ್ಟಿದ್ದು ಯಜಮಾನರು. ಎರಡು ಗಾಡಿ ನಿಲ್ಲುವಷ್ಟು ಜಾಗದಲ್ಲಿ ಒಂದು ಜೀವಮಾನ ಕಳೆದವರು. ನಾನು ಅವರ ಕೈಕೆಳಗೆ ಕಲಿತು, ಈಗ ಅವರ ಜಾಗದಲ್ಲಿ ಗ್ಯಾರೇಜು ನಡೆಸುತ್ತಿದ್ದೇನೆ. ಅವರ ಕೈ ನಡುಗಲು ಶುರುವಾದ ಮೇಲೆ ಮನೆಯವರೂ ನಾನೂ ಸೇರಿ ಒಂದೊಂದೇ ಕೆಲಸ ಬಿಡಿಸಿದೆವು. ಮೊದಲು ಗಾಡಿಯ ಕೆಳಗೆ ಮಲಗುವುದು, ಆಮೇಲೆ ಇಂಜಿನ್ ಕೆಲಸ, ಕೊನೆಗೆ ಸ್ಪ್ಯಾನರ್ ಹಿಡಿಯುವುದೂ ಹೋಯಿತು. ಒಂದನ್ನು ಮಾತ್ರ ಅವರು ಬಿಟ್ಟುಕೊಟ್ಟಿರಲಿಲ್ಲ. ಆಯುಧಪೂಜೆಗೆ ಮುಂಚೆ ಗ್ಯಾರೇಜಿನ ಒಂದೊಂದು ಸಾಮಾನನ್ನೂ ಡೀಸೆಲ್ಲಿನಲ್ಲಿ ತೊಳೆದು, ಒರೆಸಿ, ತುಕ್ಕು ಹಿಡಿಯದಂತೆ ಎಣ್ಣೆ ಸವರಿ, ವಿಭೂತಿ ಎಳೆದು ಕುಂಕುಮ ಇಟ್ಟು ದೇವರ ಪಟದ ಮುಂದೆ ಸಾಲಾಗಿ ಜೋಡಿಸುವುದು ಅವರ ಪಾಲಿನ ಕೆಲಸ. ಬೇರೆ ಯಾರಾದರೂ ಮುಟ್ಟಿದರೆ ರೇಗುತ್ತಿದ್ದರು. ವರ್ಷದಲ್ಲಿ ಆ ಕೆಲವು ದಿನ ಅವರ ಬೆನ್ನು ನೆಟ್ಟಗಾಗುತ್ತಿತ್ತು. ಅದೊಂದು ಇರುವತನಕ ತಾವು ಇನ್ನೂ ಕೆಲಸಗಾರರೇ ಎಂಬ ಧೈರ್ಯ ಅವರಿಗೆ. ಅದೂ ಹೋದರೆ ಅವರಲ್ಲಿ ಏನು ಉಳಿಯುತ್ತದೆ ಎಂಬುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಇಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ.

ಈ ಸಲವೂ ಹಬ್ಬ ಚೆನ್ನಾಗಿ ಮಾಡಿ, ಮಗಳ ಮನೆಗೆಂದು ಮೈಸೂರಿಗೆ ಹೋಗಿದ್ದರು. ಹಬ್ಬ ಕಳೆದು ಷಟರ್ ಎತ್ತಿದ ಮೇಲೆ ನಾನು ಮಾಡಿದ ಮೊದಲ ಬ್ರೇಕ್ ಕೆಲಸ ಮೇಡಂ ಅವರದು.

ಮುಂದಿನ ಚಕ್ರಗಳನ್ನು ಜಾಕಿ ಹಾಕಿ ಎತ್ತಿ ಬಿಚ್ಚಿದೆ. ಬ್ರೇಕ್ ಹಿಡಿದು ಬಿಡದಿದ್ದರೆ ಯಾವ ಮೆಕ್ಯಾನಿಕ್ಕಿನ ಕೈಯೂ ಮೊದಲು ಹೋಗುವುದು ಕ್ಯಾಲಿಪರಿನ ಪಿನ್ನುಗಳ ಮೇಲೆ. ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗವೇ ಕ್ಯಾಲಿಪರ್. ಅದು ಹಿಂದೆಮುಂದೆ ಜಾರುವುದು ಈ ಪಿನ್ನುಗಳ ಮೇಲೆ. ಗ್ರೀಸ್ ಒಣಗಿದರೆ ಜಾರುವುದಿಲ್ಲ, ಪ್ಯಾಡ್ ಅಂಟಿಕೊಂಡೇ ಇರುತ್ತದೆ. ಒಂದು ಪಿನ್ನು ನಿಜಕ್ಕೂ ಒಣಗಿತ್ತು. ನನಗೆ ಅಷ್ಟು ಸಾಕಾಯಿತು. ಎಲ್ಲವನ್ನೂ ಉಜ್ಜಿ, ಹೊಸ ಗ್ರೀಸ್ ಹಾಕಿ ಕೂರಿಸಿದೆ. ಬುಲ್ ಟೆಂಪಲ್ ರಸ್ತೆಯಲ್ಲಿ ಓಡಿಸಿ, ಗಾಂಧಿ ಬಜಾರಿನ ಜನಸಂದಣಿಯಲ್ಲಿ ನಿಂತು ಹೊರಟು ಮಾಡಿ ವಾಪಸ್ ಬಂದೆ. ಚಕ್ರ ಬಿಸಿಯಾಗಿರಲಿಲ್ಲ. ಹಿಂದಿನ ಚಕ್ರಗಳು ಯಾಕೆ ಬೆಚ್ಚಗಿದ್ದವು ಎಂಬ ಪ್ರಶ್ನೆ ಒಮ್ಮೆ ತಲೆಯಲ್ಲಿ ಸುಳಿಯಿತು. ಉತ್ತರ ಕೈಯಲ್ಲಿರುವಾಗ ಹೊಸ ಪ್ರಶ್ನೆಯನ್ನು ಯಾರು ಮನೆಗೆ ಕರೆಯುತ್ತಾರೆ? ಗಾಡಿ ಕೊಟ್ಟು ಕಳಿಸಿದೆ.

ಎರಡು ದಿನಕ್ಕೆ ಮೇಡಂ ತಾವೇ ಗಾಡಿ ಓಡಿಸಿಕೊಂಡು ಬಂದರು. ಬೀದಿಯ ತಿರುವಿನಲ್ಲೇ ವಾಸನೆ ಬಂತು. ಮಿನರ್ವ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಬ್ರೇಕ್ ಒತ್ತಿ ನಿಂತವರಿಗೆ ಹಸಿರು ಬಿದ್ದರೂ ಗಾಡಿ ಕದಲಲಿಲ್ಲವಂತೆ, ಹಿಂದಿದ್ದ ಬಸ್ಸು ಹಾರ್ನ್ ಹೊಡೆದೇ ಹೊಡೆಯಿತಂತೆ. ಅವರು ಕೂಗಾಡಲಿಲ್ಲ. ಬೀಗದ ಕೈಯನ್ನು ಬೆಂಚಿನ ಮೇಲಿಟ್ಟು ಹೇಳಿದರು:

“ಪಕ್ಕದ್ಮನೆಯವರು, ಹಬ್ಬದ ದಿನ ಗಾಡಿಗೆ ನಿಂಬೆಹಣ್ಣು ಇಟ್ಟಿಲ್ಲ, ಅದಕ್ಕೇ ಹೀಗೆ ಅಂತಾರೆ. ನಾನು ನಿಂಬೆಹಣ್ಣು ನಂಬಲ್ಲ ಸರ್, ನಿಮ್ಮನ್ನ ನಂಬಿದೀನಿ. ಏನಾಗಿದೆ ಅಂತ ಗೊತ್ತಾಗೋವರೆಗೂ ಗಾಡಿ ಕೊಡ್ಬೇಡಿ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಆಟೋ ಹಿಡಿದು ಹೋದ ಮೇಲೆ ಆ ಬೀಗದ ಕೈ ಎತ್ತಿಕೊಂಡು ಗಾಡಿಯನ್ನು ಒಳಗೆ ತಂದೆ.

ಈ ಸಲ ಊಹೆಗೆ ರಜಾ ಕೊಟ್ಟೆ. ನಾಲ್ಕೂ ಚಕ್ರಗಳನ್ನು ನೆಲದಿಂದ ಎತ್ತಿ, ಪೆಡಲನ್ನು ಮತ್ತೆ ಮತ್ತೆ ಒತ್ತಿದೆ. ಒತ್ತಿದ ಹಾಗೆಲ್ಲ ಚಕ್ರಗಳು ಬಿಗಿಯಾಗುತ್ತ ಬಂದು ಕೊನೆಗೆ ನಾಲ್ಕೂ ನಿಂತುಹೋದವು, ಹಿಂದಿನವೂ ಸೇರಿ. ಅಲ್ಲಿಗೆ ಪಿನ್ನಿನ ಕಥೆ ಮುಗಿಯಿತು. ಆಮೇಲೆ ಒಂದು ಚಕ್ರದಲ್ಲಿ ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಯುವ ಸಣ್ಣ ನಟ್ಟನ್ನು ಸಡಿಲಿಸಿದೆ. ಆಯಿಲ್ ಚಿಮ್ಮಿತು, ಚಕ್ರ ಬಿಟ್ಟುಕೊಂಡಿತು. ಅಂದರೆ ಕಾಲು ತೆಗೆದ ಮೇಲೂ ಪೈಪಿನೊಳಗೆ ಒತ್ತಡ ಉಳಿದಿದೆ, ಹಿಂದಕ್ಕೆ ಹೋಗಲು ಅದಕ್ಕೆ ದಾರಿ ಇಲ್ಲ. ನಟ್ಟು ಬಿಗಿದು, ಮತ್ತೆ ಪೆಡಲ್ ಒತ್ತಿ, ದಾರಿ ಎಲ್ಲಿ ಮುಚ್ಚಿದೆ ಎಂದು ಹುಡುಕುತ್ತ ಚಕ್ರದಿಂದ ಪೆಡಲಿನ ಕಡೆಗೆ ಬಂದೆ. ರಬ್ಬರ್ ಪೈಪುಗಳು ಸರಿಯಾಗಿದ್ದವು. ಪೆಡಲಿಗೆ ಬೇಕಾದಷ್ಟು ಸಡಿಲ ಇತ್ತು. ಪೆಡಲ್ ಒತ್ತಿದಾಗ ಆಯಿಲನ್ನು ಪೈಪುಗಳಿಗೆ ದೂಡುವ ಮಾಸ್ಟರ್ ಸಿಲಿಂಡರಿನ ನಟ್ಟುಗಳನ್ನು ಸಡಿಲಿಸಿ ಸ್ವಲ್ಪ ಮುಂದಕ್ಕೆ ಎಳೆದೆ. ಪೆಡಲಿನಿಂದ ಬರುವ ಕಂಬಿ ಹಿಂದಿನಿಂದ ಅದನ್ನು ಒತ್ತಿಹಿಡಿದಿದ್ದರೆ ಈಗ ಚಕ್ರ ಬಿಡಬೇಕು. ಬಿಡಲಿಲ್ಲ. ಅದೇ ಸಿಲಿಂಡರಿನಿಂದ ಹೊರಡುವ ಪೈಪುಗಳನ್ನು ಬಿಚ್ಚಿದ ಕೂಡಲೇ ನಾಲ್ಕೂ ಚಕ್ರ ಬಿಟ್ಟವು. ಕಳ್ಳ ಸಿಲಿಂಡರಿನೊಳಗೇ ಕೂತಿದ್ದ.

ಬಿಚ್ಚುವ ಮೊದಲು ಅದರ ಮೇಲಿನ ಆಯಿಲ್ ಡಬ್ಬಿಯ ಮುಚ್ಚಳ ತೆಗೆದೆ. ಮುಚ್ಚಳದೊಳಗಿನ ರಬ್ಬರ್ ಕರಿದ ಹಪ್ಪಳದಂತೆ ಅಲೆಅಲೆಯಾಗಿ ಎದ್ದು ನಿಂತಿತ್ತು. ವಾಪಸ್ ಕೂರಿಸಲು ಹೋದರೆ ಜಾಗ ಸಾಲದು. ಮೊದಲ ಸಲವೇ ಈ ಮುಚ್ಚಳ ತೆರೆದಿದ್ದರೆ ಮೇಡಂ ಆ ಸಿಗ್ನಲ್ಲಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಿರಲಿಲ್ಲ. ಅಂದು ನಾನು ಡಬ್ಬಿಯ ಹೊರಗಿನಿಂದಲೇ ಮಟ್ಟ ನೋಡಿ ಸುಮ್ಮನಾಗಿದ್ದೆ. ಸಿಲಿಂಡರಿನೊಳಗಿನ ರಬ್ಬರ್ ವಾಷರುಗಳೂ ನೆನೆಹಾಕಿದ ಕಡಲೆಯಂತೆ ಉಬ್ಬಿ ಮೆತ್ತಗಾಗಿದ್ದವು. ಆಯಿಲ್ ವಾಪಸ್ ಬರಲು ಅಲ್ಲೊಂದು ಸೂಜಿಮೊನೆಯಷ್ಟು ತೂತು ಇರುತ್ತದೆ. ಉಬ್ಬಿದ ರಬ್ಬರ್ ಆ ತೂತನ್ನು ಮುಚ್ಚಿಬಿಟ್ಟಿತ್ತು.

ರಬ್ಬರ್ ಹೀಗೆ ಉಬ್ಬಲು ಕಾರಣ ಒಂದೇ. ಬ್ರೇಕ್ ಆಯಿಲ್ ಅಂತ ನಾವು ಕರೆದರೂ ಅದು ಬೇರೆಯ ಜಾತಿಯ ದ್ರವ, ನೀರಿನಲ್ಲಿ ಕರಗುವಂಥದು. ಬ್ರೇಕಿನ ರಬ್ಬರಿಗೆ ಅದು ಒಗ್ಗುತ್ತದೆ. ಇಂಜಿನ್ ಆಯಿಲ್, ಡೀಸೆಲ್, ಸೀಮೆಎಣ್ಣೆ ಇವು ಅದೇ ರಬ್ಬರಿಗೆ ವಿಷ. ಎರಡು ಚಮಚ ಸೇರಿದರೂ ಸಾಕು, ಕೆಲವೇ ದಿನದಲ್ಲಿ ಕೆಡಿಸುತ್ತವೆ. ಎಲ್ಲಿಂದಲೋ ಎಣ್ಣೆ ಸೇರಿದೆ. ಎಲ್ಲಿಂದ?

ನನಗೆ ಮೊದಲು ಸಿಟ್ಟು ಬಂದಿದ್ದು ಅಂಗಡಿಯವನ ಮೇಲೆ. ಖೋಟಾ ಮಾಲು ಕೊಟ್ಟಿದ್ದಾನೆ ಎಂದು ಕುದಿಯುತ್ತ ಜೆ.ಸಿ. ರಸ್ತೆಗೆ ಹೋದೆ. ಆ ಬಿಸಿಯಲ್ಲಿ ಹತ್ತು ಜನರೆದುರು ಏರುದನಿಯಲ್ಲಿ ಮಾತಾಡಿದೆ. ಅವನು ಎದುರಾಡದೆ ಅದೇ ಪೆಟ್ಟಿಗೆಯ ಇನ್ನೊಂದು ಸೀಲ್ ಡಬ್ಬ ತೆಗೆದು, ಗಾಜಿನ ಲೋಟದ ನೀರಿಗೆ ಸುರಿದು ತೋರಿಸಿದ. ಪೂರ್ತಿ ಕರಗಿತು, ಒಂದು ಹನಿಯೂ ಮೇಲೆ ತೇಲಲಿಲ್ಲ. ತಲೆ ತಗ್ಗಿಸಿಕೊಂಡು ನಾಲ್ಕೂ ಚಕ್ರದ ರಬ್ಬರುಗಳ ಸೆಟ್ ಅವನಲ್ಲೇ ಕೊಂಡು ಬಂದೆ.

ಗ್ಯಾರೇಜಿನಲ್ಲಿ ಅದೇ ಪರೀಕ್ಷೆ ಮಾಡಿದೆ. ಮೇಡಂ ಗಾಡಿಯಿಂದ ತೆಗೆದ ಆಯಿಲನ್ನು ನೀರಿಗೆ ಹಾಕಿದರೆ ಸಾರಿನ ಮೇಲಿನ ಒಗ್ಗರಣೆಯ ಹಾಗೆ ಎಣ್ಣೆಯ ಕಣ್ಣುಗಳು ತೇಲಿದವು. ಸೀಲ್ ಡಬ್ಬದಲ್ಲಿ ಇಲ್ಲದ್ದು ಗಾಡಿಯೊಳಗೆ ಇದೆ. ಎರಡರ ನಡುವೆ ಇರುವುದು ಒಂದೇ ವಸ್ತು: ಉದ್ದ ಮೂಗಿನ ತಗಡಿನ ಕ್ಯಾನು. ಬ್ರೇಕ್ ಆಯಿಲ್ ಹುಯ್ಯಲೆಂದೇ ಯಜಮಾನರು ಯಾವ ಕಾಲದಲ್ಲೋ ಮಾಡಿಸಿದ್ದು. ಅದರ ಹಿಡಿಗೆ ಕೆಂಪು ಬಟ್ಟೆ ಕಟ್ಟಿರುತ್ತಿತ್ತು, ಬೇರೆ ಎಣ್ಣೆಯ ಕ್ಯಾನುಗಳ ಜೊತೆ ಬೆರೆಯಬಾರದೆಂದು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅದನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಲು ಹೋಗಿ ಅವರಿಂದ ತಲೆಯ ಮೇಲೆ ಮೊಟಕಿಸಿಕೊಂಡಿದ್ದೆ.

ಗೋಡೆಯ ಮೊಳೆಯಲ್ಲಿದ್ದ ಕ್ಯಾನನ್ನು ತೆಗೆದು ನೋಡಿದೆ. ಕೆಂಪು ಬಟ್ಟೆ ಇರಲಿಲ್ಲ. ಹಿಡಿಯ ಮೇಲೆ ವಿಭೂತಿ, ನಡುವೆ ಕುಂಕುಮ. ಒಳಗೆ ಬೆರಳು ಹಾಕಿದರೆ ಜಾರಿತು. ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ಬೋರಲು ಹಾಕಿದಾಗ ಮೂಗಿನ ಸಂದಿಯಿಂದ ಎಣ್ಣೆ ದಾರದ ಹಾಗೆ ಇಳಿಯಿತು.

ಬೆಂಚಿನ ಮೇಲೆ ಕೂತುಬಿಟ್ಟೆ. ಹಬ್ಬಕ್ಕೆ ಸಾಮಾನು ತೊಳೆದವರು ಅವರು. ಬ್ರೇಕ್ ಕ್ಯಾನಿಗೆ ಎಣ್ಣೆ ಸೋಕಿಸಬೇಡ ಅಂತ ನನಗೆ ಕಲಿಸಿದವರೂ ಅವರೇ. ಕೈ ನಡುಗಿದರೇನು, ತಲೆ ನೆಟ್ಟಗಿದೆ ಅಂತ ನಾವೆಲ್ಲ ನಂಬಿಕೊಂಡಿದ್ದೆವು. ಅವರೂ ಅದನ್ನೇ ನಂಬಿಕೊಂಡು ಬದುಕಿದ್ದರು. ಈ ಕ್ಯಾನು ಬೇರೆ ಮಾತು ಹೇಳುತ್ತಿತ್ತು.

ಹೇಳದೆ ಬಿಟ್ಟರೆ ಹೇಗೆ ಎಂಬ ಯೋಚನೆ ಬಂತು. ಕ್ಯಾನನ್ನು ಗುಜರಿಗೆ ಹಾಕಿ, ಸಿಲಿಂಡರ್ ಹಳೆಯದಾಗಿತ್ತು ಅಂತ ಮೇಡಂಗೆ ಹೇಳಿದರೆ ಯಾರಿಗೂ ತಿಳಿಯದು. ಆದರೆ ಅದೇ ವಾರ ನಗರ್ತಪೇಟೆಯ ವ್ಯಾಪಾರಿಯೊಬ್ಬರ ಸರಕಿನ ವ್ಯಾನಿಗೂ ಆ ಕ್ಯಾನಿನಿಂದಲೇ ಆಯಿಲ್ ಹಾಕಿದ್ದೆ. ಪೇಟೆಯ ಆ ಗಲ್ಲಿಗಳಲ್ಲಿ ತುಂಬಿದ ವ್ಯಾನಿನ ಬ್ರೇಕು ಕೈಕೊಟ್ಟರೆ ಏನಾಗುತ್ತದೆ? ಆಗಲೇ ಫೋನ್ ಮಾಡಿ, ವ್ಯಾನ್ ಹೊರಗೆ ತೆಗೆಯಬೇಡಿ, ನಾನೇ ಬರುತ್ತೇನೆ ಎಂದೆ. ವ್ಯಾನು ಬಂದು ಷೆಡ್ಡಿನಲ್ಲಿ ನಿಂತಿತು. ಒಂದೇ ಕಾಯಿಲೆಯ ಎರಡು ಗಾಡಿ ಅಕ್ಕಪಕ್ಕ ಇದ್ದ ಮೇಲೆ ಯಜಮಾನರ ಕಣ್ಣು ತಪ್ಪಿಸುವುದು ಆಗದ ಮಾತು. ಮೈಸೂರಿಗೆ ಫೋನ್ ಮಾಡಿ ಹೇಳಬಹುದಿತ್ತು. ಮಾಡಲಿಲ್ಲ. ಬಾಯಲ್ಲಿ ಬಿಸಿತುಪ್ಪ, ಉಗುಳಲೂ ಆಗದು ನುಂಗಲೂ ಆಗದು. ಕ್ಯಾನನ್ನು ಬೆಂಚಿನ ಕೆಳಗೆ ತಳ್ಳಿ ಕೆಲಸಕ್ಕೆ ಕೂತೆ.

ಕೆಲಸವೇನೂ ಕಷ್ಟದ್ದಲ್ಲ, ತಾಳ್ಮೆಯದು. ಎಣ್ಣೆ ಸೋಕಿದ ರಬ್ಬರನ್ನು ಒಂದನ್ನೂ ಉಳಿಸುವಂತಿಲ್ಲ. ಮಾಸ್ಟರ್ ಸಿಲಿಂಡರಿನದು, ಕ್ಯಾಲಿಪರಿನದು, ಹಿಂದಿನ ಡ್ರಮ್ಮುಗಳೊಳಗಿನ ಪುಟ್ಟ ಸಿಲಿಂಡರುಗಳದು, ರಬ್ಬರ್ ಪೈಪುಗಳು, ಮುಚ್ಚಳ, ಎಲ್ಲ ಹೊಸದಾಗಬೇಕು. ಕಬ್ಬಿಣದ ಪೈಪುಗಳೊಳಗೆ ಸ್ಪಿರಿಟ್ ಹಾಯಿಸಿ, ಗಾಳಿ ಊದಿ ಒಣಗಿಸಬೇಕು. ಯಾವ ಚಕ್ರದ್ದು ಯಾವುದು ಎಂದು ತಪ್ಪದ ಹಾಗೆ ಹಳೆಯ ರಬ್ಬರುಗಳನ್ನು ಪೇಪರ್ ಹಾಸಿ ಸಾಲಾಗಿ ಇಟ್ಟಿದ್ದೆ. ಯಜಮಾನರು ಮೈಸೂರಿನಿಂದ ಬಂದು ಸೀದಾ ಗ್ಯಾರೇಜಿಗೆ ಕಾಲಿಟ್ಟಾಗ ಅವರ ಕಣ್ಣಿಗೆ ಬಿದ್ದದ್ದು ಆ ಸಾಲು.

ಒಂದು ವಾಷರ್ ಎತ್ತಿಕೊಂಡು ಬೆರಳಿನಲ್ಲಿ ಅದುಮಿದರು. ಅವರಿಗೆ ಲೋಟ, ನೀರು ಏನೂ ಬೇಕಾಗಲಿಲ್ಲ. ಎಣ್ಣೆ ಕುಡಿದಿದೆ ಎಂದರು. ಅಂಗಡಿಯವನನ್ನು ಬೈಯಲು ಶುರು ಮಾಡಿದರು. ನಡಿ, ಈಗಲೇ ಜೆ.ಸಿ. ರಸ್ತೆಗೆ ಹೋಗಿ ಅವನ ಕೊರಳುಪಟ್ಟಿ ಹಿಡಿಯೋಣ ಎಂದು ಬಾಗಿಲ ಕಡೆ ತಿರುಗಿಯೇಬಿಟ್ಟರು. ಎಷ್ಟೋ ದಿನದ ಮೇಲೆ ಅವರಲ್ಲಿ ಆ ಹುರುಪು ನೋಡಿದೆ. ಅಂಗಡಿಯದಲ್ಲ ಎಂದಷ್ಟೇ ಹೇಳಿದೆ.

ಅವರು ನನ್ನ ಮುಖ ನೋಡಿದರು. ಆಮೇಲೆ ಗೋಡೆಯ ಖಾಲಿ ಮೊಳೆ ನೋಡಿದರು.

“ಕ್ಯಾನ್ ಎಲ್ಲೋ?”

ಬೆಂಚಿನ ಕೆಳಗಿನಿಂದ ತೆಗೆದು ಕೊಟ್ಟೆ. ಒಳಗೆ ಬೆರಳು ಆಡಿಸಿದರು, ಮೂಸಿದರು. ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಬೈಯುವುದಾದರೆ ನನ್ನನ್ನು ಬೈಯಲಿ ಅಂತ ಕಾದೆ. ಹುಯ್ಯುವ ಮುಂಚೆ ನಾನು ನೋಡಬೇಕಿತ್ತು, ತಪ್ಪು ನನ್ನದು ಎಂದೂ ಅಂದೆ. ಆ ಮಾತು ಅವರ ಕಿವಿಗೆ ಬೀಳಲೇ ಇಲ್ಲ.

“ಬಟ್ಟೆ ನಾನೇ ಬಿಚ್ಚಿದ್ದು,” ಎಂದರು. “ಕೊಳಕಾಗಿತ್ತು. ದೇವರ ಮುಂದೆ ಹೆಂಗೆ ಇಡೋದು ಅಂತ ಬಿಚ್ಚಿದೆ. ಬೇರೆ ಕಟ್ಟೋಣ ಅಂತಿದ್ದೆ ಕಣೋ. ಆಮೇಲೆ ಯಾವ್ದು ಯಾವ್ದು ಅಂತ ಗೊತ್ತೇ ಆಗ್ಲಿಲ್ಲ ನೋಡು.”

ನನಗೆ ಅಳು ಬಂತು. ಅವರಿಗೆ ಕಾಣದಿರಲಿ ಎಂದು ಗಾಡಿಯ ಹಿಂದಿನ ಚಕ್ರದ ಕಡೆಗೆ ಹೋದೆ. ಫೋನ್ ಮಾಡಿ ಮೊದಲೇ ಹೇಳಿಬಿಟ್ಟಿದ್ದರೆ ಅವರು ಮನೆಯಲ್ಲಿ, ಯಾರೂ ನೋಡದ ಕಡೆ, ಇದನ್ನು ಅರಗಿಸಿಕೊಳ್ಳುತ್ತಿದ್ದರು. ನಾನು ಅವರ ಮರ್ಯಾದೆ ಕಾಯುತ್ತಿದ್ದೇನೆಂದುಕೊಂಡು, ಅವರದೇ ಷೆಡ್ಡಿನಲ್ಲಿ ಅವರದೇ ತಪ್ಪನ್ನು ಅವರೇ ಹುಡುಕುವ ಹಾಗೆ ಮಾಡಿದೆ.

ಸಂಜೆ ಮೇಡಂ ಬಂದರು. ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ಎದ್ದು ನಿಂತು, ಹಬ್ಬದ ದಿನ ತಾವು ಏನು ಮಾಡಿದರು, ಅದರಿಂದ ಏನಾಯಿತು ಎಂದು ಒಂದೂ ಬಿಡದೆ ಹೇಳಿದರು. ನನ್ನ ಹೆಸರನ್ನು ನಡುವೆ ತರಲಿಲ್ಲ. ಮೇಡಂ ಪೂರ್ತಿ ಕೇಳಿಸಿಕೊಂಡರು. ಸಿಟ್ಟಿಗಿಂತ ಹೆಚ್ಚಾಗಿ ಹೆದರಿದ್ದರು. ಬಸ್ಸಿನ ಮುಂದೆ ನಿಂತ ಆ ಗಳಿಗೆ ಅವರಿಗೆ ಮತ್ತೆ ಕಂಡಿರಬೇಕು. ಅವರು ಯಜಮಾನರನ್ನು ಬಿಟ್ಟು ನನ್ನ ಕಡೆ ತಿರುಗಿದರು.

“ಇನ್ಮೇಲೆ ನನ್ನ ಗಾಡಿ ನೀವೊಬ್ರೇ ನೋಡ್ತೀರಿ ತಾನೆ ಸರ್? ಇವರು ಏನೂ ಮುಟ್ಟಲ್ವಲ್ಲ?”

“ಇಲ್ಲ ಮೇಡಂ,” ಅಂದೆ. “ಇವರು ಇನ್ನು ಏನೂ ಮುಟ್ಟಲ್ಲ.”

ಎಷ್ಟು ಬೇಗ ಅಂದೆ ಎಂದರೆ, ಅವರ ಪ್ರಶ್ನೆ ಪೂರ್ತಿ ಮುಗಿದಿತ್ತೋ ಇಲ್ಲವೋ. ಗಿರಾಕಿಗೆ ಭರವಸೆ ಕೊಡುವುದು ನಮ್ಮ ಕಸುಬಿನಲ್ಲಿ ನಾಲಿಗೆಗೆ ಬಂದ ಅಭ್ಯಾಸ. ಅದು ಸುಳ್ಳಾಗಿದ್ದರೆ ಆಮೇಲೆ ಸಮಾಧಾನ ಹೇಳಬಹುದಿತ್ತು. ನಿಜವಾಗಿತ್ತು. ಬ್ರೇಕಿನ ಕೆಲಸದಲ್ಲಿ ದಾಕ್ಷಿಣ್ಯಕ್ಕೆ ಜಾಗವಿಲ್ಲ. ಇವತ್ತು ಯಾರಾದರೂ ಅದೇ ಪ್ರಶ್ನೆ ಕೇಳಿದರೆ ಬೇರೆ ಉತ್ತರ ನನ್ನಲ್ಲಿಲ್ಲ. ಆದರೂ ಅದನ್ನು ಅವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಅವರ ಮುಖವನ್ನೂ ನೋಡದೆ ಹೇಳಬೇಕಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಯಜಮಾನರು ತಲೆಯಾಡಿಸಿ, ಹೌದಮ್ಮಾ, ಅವನೇ ನೋಡಿಕೊಳ್ಳುತ್ತಾನೆ, ಒಳ್ಳೆಯ ಕೆಲಸಗಾರ ಎಂದರು.

ಗಾಡಿ ಸರಿಹೋಯಿತು. ಎಷ್ಟು ಓಡಿಸಿದರೂ ಚಕ್ರ ಬಿಸಿಯಾಗದು, ಕಾಲು ತೆಗೆದ ಕೂಡಲೇ ಬ್ರೇಕು ಬಿಡುತ್ತದೆ. ವ್ಯಾನೂ ಪೇಟೆಗೆ ಮರಳಿತು. ರಿಪೇರಿಯಲ್ಲಿ ನನ್ನನ್ನು ಯಾರೂ ದೂರುವಂತಿಲ್ಲ.

ಯಜಮಾನರು ಬರುವುದು ನಿಂತುಹೋಯಿತು. ದಿನಾ ಬೆಳಿಗ್ಗೆ ನನಗಿಂತ ಮುಂಚೆ ಬಂದು ಷಟರ್ ಎತ್ತಿ, ತಡವಾಗಿ ಬಂದ ನನ್ನನ್ನು ಹಂಗಿಸುತ್ತಿದ್ದವರು. ಮನೆಗೆ ಹೋಗಿ ಕರೆದೆ. ಒಂದು ದಿನ ಮಂಡಿ ನೋವು, ಇನ್ನೊಂದು ದಿನ ನೆಗಡಿ. ಅವರ ಹೆಂಡತಿ ಕಾಫಿ ಕೊಟ್ಟು, ಎಲ್ಲ ಮೊದಲಿನಂತೆಯೇ ಇದ್ದಾರೆ, ಮಾತು ಮಾತ್ರ ಕಡಿಮೆ ಎಂದರು. ಕ್ಷಮಿಸಿ ಎಂದು ಕೇಳಲು ಹೋಗಿ ಪ್ರತಿ ಸಲವೂ ಗಾಡಿಗಳ ವಿಷಯ ಮಾತಾಡಿ ಎದ್ದು ಬಂದೆ.

ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ, ಒಂದು ಬೆಳಿಗ್ಗೆ ಗಾಡಿಯ ಕೆಳಗೆ ಮಲಗಿ ಸೈಲೆನ್ಸರ್ ಬಿಚ್ಚುತ್ತಿದ್ದೆ. ಹೊರಗೆ ಫುಟ್‌ಪಾತಿನ ಮೇಲೆ, ಗಿರಾಕಿಗಳು ಬಂದು ನಿಲ್ಲುವ ಜಾಗದಲ್ಲಿ, ಎರಡು ಕಾಲುಗಳು ಬಂದು ನಿಂತವು. ಪರಿಚಯದ ಕಾಲುಗಳು. ಒಳಗೆ ಬರುತ್ತಾರೆ ಎಂದು ಮಲಗಿದಲ್ಲೇ ಕಾದೆ. ಬರಲಿಲ್ಲ. ಜಾರಿಕೊಂಡು ಹೊರಗೆ ಬಂದು ಎದ್ದು ನಿಂತೆ. ತೊಳೆದ ಪಂಚೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಯಜಮಾನರು ಚಪ್ಪಲಿ ಪಕ್ಕಕ್ಕೆ ಬಿಟ್ಟು ನಿಂತಿದ್ದರು.

“ಕೆಲಸದಲ್ಲಿದೀಯೇನೋ ಅಂತ ನಿಂತೆ,” ಎಂದರು. “ಸ್ವಲ್ಪ ಹೊತ್ತು ಒಳಗೆ ಬಂದು ಕೂತ್ಕೊಬೋದಾ?”